ಹಾರ್ಟ್ ಫೇಲ್ಯೂರ್ ಟೆಸ್ಟಿನ ಅಂಕಿ ಜಾಸ್ತಿ ಬಂದಿದೆ, ಮೈಗೆ ಮಾತ್ರ ಏನೂ ಆಗ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 64 ವರ್ಷ. ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿ ಅಂಕೋಲಾದಲ್ಲಿದ್ದೇನೆ. ಬೆಂಗಳೂರಿನಲ್ಲಿರುವ ಮಗ ಫುಲ್ ಬಾಡಿ ಚೆಕಪ್ ಬುಕ್ ಮಾಡಿದ್ದ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಎರಡು ದಿನದ ಮೇಲೆ ಮೊಬೈಲಿಗೆ ರಿಪೋರ್ಟ್ ಬಂತು. ಅದರಲ್ಲಿ ಎನ್‌ಟಿ-ಪ್ರೋಬಿಎನ್‌ಪಿ 342 ಎಂದು ಕೆಂಪು ಅಕ್ಷರದಲ್ಲಿತ್ತು. 125ರ ಒಳಗೆ ಇರಬೇಕಂತೆ. ಪಕ್ಕದಲ್ಲೇ ಹಾರ್ಟ್ ಫೇಲ್ಯೂರ್ ಮಾರ್ಕರ್ ಎಂದು ಬರೆದಿದ್ದಾರೆ. ನನಗೆ ದಮ್ಮು ಇಲ್ಲ, ಕಾಲು ಬಾವು ಇಲ್ಲ, ಎದೆನೋವೂ ಇಲ್ಲ. ದಿನಾ ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ಮುಕ್ಕಾಲು ತಾಸು ನಡೆಯುತ್ತಿದ್ದೆ. ರಿಪೋರ್ಟ್ ಬಂದ ಮೇಲೆ ಹೆದರಿ ಬಿಟ್ಟಿದ್ದೇನೆ. ಅಡುಗೆಗೆ ಉಪ್ಪು ಹಾಕುವುದನ್ನೂ ನಿಲ್ಲಿಸಿದ್ದೇನೆ. 12 ವರ್ಷದಿಂದ ಬಿಪಿಗೆ ಟೆಲ್ಮಿಸಾರ್ಟಾನ್ 40 ತೆಗೆದುಕೊಳ್ಳುತ್ತೇನೆ. ಮೊನ್ನೆ ನೋಡಿದಾಗ ಬಿಪಿ 148/88 ಇತ್ತು. ಮೂರು ತಿಂಗಳ ಶುಗರ್ 6.2, ಕ್ರಿಯಾಟಿನಿನ್ 1.1 ನಾರ್ಮಲ್, ಥೈರಾಯ್ಡ್ ನಾರ್ಮಲ್. ಹಿಮೋಗ್ಲೋಬಿನ್ 10.2, ಅದು ಸ್ವಲ್ಪ ಕಮ್ಮಿ. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ವಾರಕ್ಕೆ ಮೂರ್ನಾಲ್ಕು ಸಲ ನುಂಗುತ್ತೇನೆ. ತಮ್ಮ ಹೇಳುತ್ತಾನೆ, ಕೂಡಲೇ ಮಣಿಪಾಲಕ್ಕೆ ಹೋಗಿ ಆಂಜಿಯೋಗ್ರಾಮ್ ಮಾಡಿಸು ಅಂತ. ಪಕ್ಕದ ಮನೆಯವರು ಹೊಳೆಮತ್ತಿ ಚಕ್ಕೆಯ ಕಷಾಯ ಕುಡಿದರೆ ಸಾಕು ಎನ್ನುತ್ತಾರೆ. ನನ್ನ ಹಾರ್ಟ್ ಫೇಲ್ ಆಗುತ್ತಿದೆಯಾ? ಶಿರಸಿ ನನ್ನ ತವರು. ಮಾರಿಕಾಂಬಾ ಜಾತ್ರೆಗೆ ಹೋಗಬೇಕೆಂದಿದ್ದೆ. ಹೋಗಬಹುದೋ, ಬಾರದೋ?

ಉತ್ತರ: ಅಕ್ಕೋರೇ, ಮೊದಲು ಇವತ್ತೇ ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನಕ್ಕೆ ಓದಿ. ಡೈಕ್ಲೋಫೆನಾಕ್ ನಿಲ್ಲಿಸಿ. ಬಿಪಿ ಮಾತ್ರೆ ಬಿಡಬೇಡಿ. ನಾಳೆಯಿಂದ ಮತ್ತೆ ವಾಕಿಂಗ್ ಹೋಗಿ, ಮೊದಲ ವಾರ ಸ್ವಲ್ಪ ನಿಧಾನ ನಡೆದರಾಯಿತು. ಮುಂದಿನ ಎರಡು ಮೂರು ವಾರದೊಳಗೆ ಒಂದು ಇಸಿಜಿ ಮತ್ತು ಒಂದು ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸಿ. ರಾತ್ರೋರಾತ್ರಿ ಕಾರು ಮಾಡಿಕೊಂಡು ಓಡುವಂಥದ್ದು ನಿಮ್ಮ ರಿಪೋರ್ಟಿನಲ್ಲಿ ಏನೂ ಇಲ್ಲ.

ನಿಮ್ಮನ್ನು ಹೆದರಿಸಿದ್ದು ಆ ಅಂಕಿಗಿಂತ ಅದರ ಪಕ್ಕದ ಹೆಸರು ಅನ್ನಿಸುತ್ತದೆ. ನಮ್ಮ ಕಡೆ ಯಾರಾದರೂ ಗಕ್ಕನೆ ತೀರಿಕೊಂಡರೆ 'ಹಾರ್ಟ್ ಫೇಲ್ ಆಯ್ತು' ಅಂತಾರೆ. ಅದನ್ನೇ ಕೇಳಿ ಬೆಳೆದವರು ನಾವು. ಹಾಗಾಗಿ ಹಾರ್ಟ್ ಫೇಲ್ಯೂರ್ ಎಂದು ಓದಿದ ಕೂಡಲೇ ಸಾವೇ ಕಣ್ಣಮುಂದೆ ಬರುತ್ತದೆ. ಡಾಕ್ಟರುಗಳು ಆ ಪದವನ್ನು ಬೇರೆ ಅರ್ಥದಲ್ಲಿ ಬಳಸುತ್ತಾರೆ. ಹೃದಯ ನಿಂತುಹೋಗುವುದು ಕಾರ್ಡಿಯಾಕ್ ಅರೆಸ್ಟ್. ರಕ್ತನಾಳ ಕಟ್ಟಿಕೊಂಡು ಹೃದಯದ ಒಂದು ಭಾಗಕ್ಕೆ ಏಟಾಗುವುದು ಹಾರ್ಟ್ ಅಟ್ಯಾಕ್. ಹಾರ್ಟ್ ಫೇಲ್ಯೂರ್ ಎಂದರೆ ಹೃದಯ ಎಂಬ ಪಂಪು ಮೈಗೆ ಬೇಕಾದಷ್ಟು ರಕ್ತ ದೂಡಲು ಕಷ್ಟಪಡುವುದು, ಅದರಿಂದ ದಮ್ಮು, ಬಾವು, ಸುಸ್ತು ಕಾಣಿಸಿಕೊಳ್ಳುವುದು. ಈ ಕಾಯಿಲೆಯಿದ್ದು ಔಷಧ ತೆಗೆದುಕೊಂಡು ವರ್ಷಗಟ್ಟಲೆ ತೋಟದ ಕೆಲಸ ಮಾಡಿಕೊಂಡಿರುವ ಜನ ನನ್ನ ಹತ್ತಿರ ಬರುತ್ತಾರೆ. ನಿಮಗೆ ಅದು ಇದೆ ಎಂದು ಈಗ ಹೇಳಲು ಆಧಾರವೂ ಇಲ್ಲ. ಒಂದು ರಕ್ತಪರೀಕ್ಷೆಯ ಅಂಕಿ ಹಿಡಿದುಕೊಂಡು ಹಾರ್ಟ್ ಫೇಲ್ಯೂರ್ ಎಂದು ಯಾರೂ ತೀರ್ಮಾನ ಮಾಡಬಾರದು.

ಹಾಗಾದರೆ ಆ 342 ಏನು? ಅಂಕೋಲಾದವರಿಗೆ ಹಿನ್ನೀರಿನ ಪಕ್ಕ ಕಟ್ಟೆ ಹಾಕಿ ಮಾಡುವ ಗಜನಿ ಗದ್ದೆ ಗೊತ್ತಲ್ವಾ? ಸಮುದ್ರದ ಭರತ ಬಂದಾಗ ನೀರು ಕಟ್ಟೆಯನ್ನು ಒತ್ತುತ್ತದೆ. ನೀರು ತೀರಾ ಜಾಸ್ತಿಯಾದರೆ ಇಳಿತದ ಹೊತ್ತು ನೋಡಿ ಬಾಗಿಲು ಎತ್ತಿ ಹೊರಗೆ ಬಿಡುತ್ತಾರೆ. ಹೃದಯದ ಗೋಡೆಯೂ ಹಾಗೆ. ಒಳಗಿನ ಒತ್ತಡ ಏರಿ ಗೋಡೆ ಎಳೆದಂತಾದಾಗ ಅದರ ಸ್ನಾಯುಗಳು ರಕ್ತಕ್ಕೆ ಒಂದು ಹಾರ್ಮೋನ್ ಬಿಡುತ್ತವೆ. ಅದು ಕಿಡ್ನಿಗೆ ಹೋಗಿ 'ಉಪ್ಪು ಮತ್ತು ನೀರು ಹೊರಗೆ ಬಿಡು' ಎನ್ನುತ್ತದೆ. ರಕ್ತನಾಳಗಳನ್ನು ಸ್ವಲ್ಪ ಸಡಿಲ ಮಾಡುತ್ತದೆ. ಇದು ಬಿಎನ್‌ಪಿ. ಅದು ತಯಾರಾಗುವಾಗ ಕತ್ತರಿಸಿ ಬೀಳುವ ಇನ್ನೊಂದು ತುಂಡು ಎನ್‌ಟಿ-ಪ್ರೋಬಿಎನ್‌ಪಿ. ಬಿಎನ್‌ಪಿ ಸುಮಾರು 20 ನಿಮಿಷದಲ್ಲಿ ಅರ್ಧಕ್ಕೆ ಇಳಿದುಬಿಡುತ್ತದೆ. ಈ ತುಂಡು ಒಂದೆರಡು ತಾಸು ಉಳಿಯುತ್ತದೆ. ಅದಕ್ಕೇ ಹೆಚ್ಚಿನ ಲ್ಯಾಬುಗಳು ಇದನ್ನು ಅಳೆಯುತ್ತವೆ.

ಬಿಎನ್‌ಪಿಯಲ್ಲಿ ಬಿ ಅಂದರೆ ಬ್ರೇನ್, ಮಿದುಳು. 1988ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಇದು ಮೊದಲು ಸಿಕ್ಕಿದ್ದು ಹಂದಿಯ ಮಿದುಳಿನಲ್ಲಿ. ಮುಖ್ಯವಾಗಿ ತಯಾರಾಗುವುದು ಹೃದಯದಲ್ಲಿ ಎಂದು ಆಮೇಲೆ ತಿಳಿಯಿತು. ಹೆಸರು ಹಾಗೇ ಉಳಿಯಿತು. ಅದಕ್ಕೂ ಮೊದಲು, 1981ರಲ್ಲಿ, ಕೆನಡಾದಲ್ಲಿ ಡಿ ಬೋಲ್ಡ್ ಎಂಬ ವಿಜ್ಞಾನಿ ಇಲಿಯ ಹೃದಯದ ಮೇಲಿನ ಕೋಣೆಯ ಸಾರ ತೆಗೆದು ಬೇರೆ ಇಲಿಗಳಿಗೆ ಚುಚ್ಚಿದ್ದರು. ಆ ಇಲಿಗಳು ಒಂದೇ ಸಮನೆ ಮೂತ್ರ ಮಾಡತೊಡಗಿದವು. ಹೃದಯವೂ ಹಾರ್ಮೋನ್ ತಯಾರಿಸುತ್ತದೆ, ಕಿಡ್ನಿಯ ಜೊತೆ ಮಾತಾಡುತ್ತದೆ ಎಂದು ಗೊತ್ತಾದದ್ದು ಹೀಗೆ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಎನ್‌ಟಿ-ಪ್ರೋಬಿಎನ್‌ಪಿ ವಿಷವಲ್ಲ. ಕೊಲೆಸ್ಟ್ರಾಲ್ ಇಳಿಸಿದ ಹಾಗೆ ಇದನ್ನು ಇಳಿಸಲು ಮಾತ್ರೆ ಕೊಡಿ ಎಂದು ಕೆಲವರು ಕೇಳುತ್ತಾರೆ. ಅಂಥ ಮಾತ್ರೆ ಬೇಕಾಗಿಲ್ಲ. ಹೃದಯದ ಮೇಲೆ ಭಾರ ಬಿದ್ದಿದೆ ಎಂದು ಅದು ಹೇಳುತ್ತಿದೆ. ಭಾರ ಯಾವುದು ಅಂತ ನಾವು ಹುಡುಕಬೇಕು.

ಈಗ ಆ 125ರ ವಿಷಯ. ಈ ಗೆರೆ ಎಳೆದದ್ದು ಒಂದು ಬೇರೆಯೇ ಪ್ರಶ್ನೆಗೆ. ದಮ್ಮು ಕಟ್ಟುತ್ತದೆ ಎಂದು ಒಬ್ಬರು ಕ್ಲಿನಿಕ್ಕಿಗೆ ಬರುತ್ತಾರೆ. ಕಾರಣ ಶ್ವಾಸಕೋಶವೋ ಹೃದಯವೋ ಗೊತ್ತಾಗುವುದಿಲ್ಲ. ಆಗ ಈ ಟೆಸ್ಟ್ 125ಕ್ಕಿಂತ ಕಡಿಮೆ ಬಂದರೆ ಹಾರ್ಟ್ ಫೇಲ್ಯೂರ್ ಇರುವ ಸಂಭವ ತೀರಾ ಕಡಿಮೆ ಎಂದು ಧೈರ್ಯವಾಗಿ ಹೇಳಬಹುದು. 'ಇಲ್ಲ' ಅನ್ನುವುದರಲ್ಲಿ ಇದು ಬಹಳ ಒಳ್ಳೆಯ ಟೆಸ್ಟ್. 'ಇದೆ' ಅನ್ನುವುದರಲ್ಲಿ ಅಷ್ಟು ಒಳ್ಳೆಯದಲ್ಲ. ತುರ್ತು ವಿಭಾಗಕ್ಕೆ ದಮ್ಮು ಎಂದು ಬಂದವರಲ್ಲಿ ನಾವು ನೋಡುವ ಗೆರೆಗಳೇ ಬೇರೆ. ಅಲ್ಲಿ 300ರ ಕೆಳಗಿದ್ದರೆ ಹೃದಯವನ್ನು ಬಿಟ್ಟು ಬೇರೆ ಕಾರಣ ಹುಡುಕುತ್ತೇವೆ. ನಿಮ್ಮ ವಯಸ್ಸಿನವರಲ್ಲಿ 900 ದಾಟಿದರೆ ಹಾರ್ಟ್ ಫೇಲ್ಯೂರ್ ಎಂಬ ಅನುಮಾನ ಬಲವಾಗುತ್ತದೆ. ವಯಸ್ಸಾದಂತೆ ಈ ಅಂಕಿ ತಾನಾಗಿಯೇ ಏರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಸ್ವಲ್ಪ ಜಾಸ್ತಿಯೇ ಇರುತ್ತದೆ. ತೂಕ ಜಾಸ್ತಿ ಇದ್ದವರಲ್ಲಿ ಕಡಿಮೆ ತೋರಿಸುತ್ತದೆ, ಅವರು ಅದನ್ನು ನೋಡಿ ಸುಮ್ನೆ ನೆಮ್ಮದಿಯಾಗುವ ಹಾಗೂ ಇಲ್ಲ. ಅರವತ್ತು ದಾಟಿದ ಆರೋಗ್ಯವಂತ ಹೆಂಗಸರಲ್ಲಿ 125 ದಾಟುವುದು ಅಪರೂಪವೇನಲ್ಲ. ಲ್ಯಾಬಿನ ಕಂಪ್ಯೂಟರಿಗೆ ಇದ್ಯಾವುದೂ ಗೊತ್ತಿಲ್ಲ. ಗೆರೆ ದಾಟಿದ ಕೂಡಲೇ ಅದು ಕೆಂಪು ಬಣ್ಣ ಹಾಕಿಬಿಡುತ್ತದೆ.

ಆದರೂ 342 ಎಂಬುದನ್ನು ಪೂರ್ತಿ ವಯಸ್ಸಿನ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ನಿಮ್ಮ ರಿಪೋರ್ಟಿನ ಬೇರೆ ಸಾಲುಗಳನ್ನು ನೋಡಿದರೆ ಕಾರಣ ಅಲ್ಲೇ ಇರುವಂತೆ ಕಾಣುತ್ತದೆ.

ಮೊದಲನೆಯದು ಕ್ರಿಯಾಟಿನಿನ್. ನೀವು 1.1 ನಾರ್ಮಲ್ ಎಂದು ಬರೆದಿದ್ದೀರಿ. ಲ್ಯಾಬಿನವರೂ ಕೆಂಪು ಗುರುತು ಹಾಕಿರಲಿಕ್ಕಿಲ್ಲ. ಇಲ್ಲಿ ನಾವು ಡಾಕ್ಟರುಗಳೂ ಎಡವುತ್ತೇವೆ. 25ರ ಹುಡುಗನೊಬ್ಬನಿಗೆ 1.1 ಬಂದರೆ ಅವನ ಕಿಡ್ನಿ ಚೆನ್ನಾಗಿದೆ ಎಂದೇ ಅರ್ಥ. ಅದೇ 1.1 ಅನ್ನು 64 ವರ್ಷದ ಹೆಂಗಸಿನ ಲೆಕ್ಕಕ್ಕೆ ಹಾಕಿದರೆ ಕಿಡ್ನಿಯ ಸೋಸುವ ಶಕ್ತಿ, ಅಂದರೆ ಇಜಿಎಫ್‌ಆರ್, ಸುಮಾರು 56 ಬರುತ್ತದೆ. 90ರ ಮೇಲಿದ್ದರೆ ಚೆಂದ. 60ರ ಕೆಳಗೆ ಮೂರು ತಿಂಗಳು ನಿಂತರೆ ಅದನ್ನು ಕಿಡ್ನಿ ಕಾಯಿಲೆ ಎಂದೇ ಕರೆಯುತ್ತೇವೆ. ಎನ್‌ಟಿ-ಪ್ರೋಬಿಎನ್‌ಪಿ ಮೈಯಿಂದ ಹೊರಗೆ ಹೋಗುವುದು ಬಹುಪಾಲು ಕಿಡ್ನಿಯ ದಾರಿಯಲ್ಲಿ. ಕಿಡ್ನಿ ನಿಧಾನವಾದರೆ ಹೃದಯ ಚೆನ್ನಾಗಿದ್ದರೂ ಅದು ರಕ್ತದಲ್ಲಿ ಉಳಿದುಕೊಳ್ಳುತ್ತದೆ.

ಎರಡನೆಯದು ಹಿಮೋಗ್ಲೋಬಿನ್ 10.2. 'ಸ್ವಲ್ಪ ಕಮ್ಮಿ' ಎಂದಿದ್ದೀರಿ. ನಮ್ಮ ಹೆಂಗಸರು ಇದನ್ನು ಯಾವಾಗಲೂ ಹೀಗೇ ಹೇಳುವುದು. ಹೆಂಗಸರಿಗೆ 12 ಇರಬೇಕು. ರಕ್ತ ತೆಳುವಾದಾಗ ಅಷ್ಟೇ ಆಮ್ಲಜನಕ ಮುಟ್ಟಿಸಲು ಹೃದಯ ಜಾಸ್ತಿ ಓಡಬೇಕು, ಅದೂ ಭಾರವೇ. ಮುಟ್ಟು ನಿಂತು ವರ್ಷಗಳಾದ ಮೇಲೂ ಹಿಮೋಗ್ಲೋಬಿನ್ ಕಡಿಮೆ ಇದ್ದರೆ, ಕಬ್ಬಿಣದ ಮಾತ್ರೆ ಬರೆದು ಕಳಿಸಿಬಿಡುವುದು ಸರಿಯಲ್ಲ. ರಕ್ತ ಎಲ್ಲಿ ಸೋರುತ್ತಿದೆ ಎಂದು ನೋಡಲೇಬೇಕು.

ಮೂರನೆಯದು ಬಿಪಿ. ಹನ್ನೆರಡು ವರ್ಷದಿಂದ ಮಾತ್ರೆ ತಿಂದೂ 148/88. ಇದು ಹತೋಟಿಯಲ್ಲಿಲ್ಲ. 130/80ರ ಒಳಗೆ ಬರಬೇಕು. ವರ್ಷಗಟ್ಟಲೆ ಹೆಚ್ಚಿನ ಒತ್ತಡಕ್ಕೆ ಎದುರಾಗಿ ದೂಡಿದ ಹೃದಯದ ಗೋಡೆ ದಪ್ಪವಾಗುತ್ತದೆ. ನಿಮ್ಮ ವಿಷಯದಲ್ಲಿ ಎಕೋ ಬೇಕು ಎನ್ನಲು ಮುಖ್ಯ ಕಾರಣ ಇದೇ.

ಇನ್ನು ಈ ಮೂರರ ಹಿಂದೆಯೂ ಕೈಯಾಡಿಸುವಂಥದ್ದು ಆ ಮಂಡಿ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್, ಇವೆಲ್ಲ ಒಂದೇ ಜಾತಿ. ಇವು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ಬಿಪಿ ಏರಿಸುತ್ತವೆ. ಬಿಪಿ ಮಾತ್ರೆಯ ಕೆಲಸವನ್ನೇ ಹಾಳು ಮಾಡುತ್ತವೆ. ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ, ಟೆಲ್ಮಿಸಾರ್ಟಾನ್ ಜೊತೆ ಸೇರಿದರೆ ಇನ್ನೂ ಕೆಟ್ಟದು. ಹೊಟ್ಟೆಯೊಳಗೆ ಹುಣ್ಣು ಮಾಡಿ ನಿಮಗೆ ಗೊತ್ತೇ ಆಗದ ಹಾಗೆ ರಕ್ತ ಸೋರಿಸುತ್ತವೆ. ನಿಮ್ಮ ಬಿಪಿ, ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಮೂರಕ್ಕೂ ಇದೇ ಕಾರಣ ಎಂದು ಇಲ್ಲಿ ಕೂತು ಹೇಳಲಾರೆ. ಆದರೆ ನನ್ನ ಮೊದಲ ಅನುಮಾನ ಅದರ ಮೇಲೆಯೇ. ಹೃದಯದ ಟೆಸ್ಟ್ ಕೆಂಪಾಗಿ ಬಂದವರ ಕೈಚೀಲದಲ್ಲಿ ಈ ಮಾತ್ರೆಯ ಸ್ಟ್ರಿಪ್ ಸಿಕ್ಕಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಕೇಳಿದರೆ 'ಅದು ನೋವಿನ ಮಾತ್ರೆ, ಔಷಧಿ ಅಲ್ಲ' ಅಂತಾರೆ. ಆ ಮಾತು ಕೇಳಿದಾಗೆಲ್ಲ ಸಂಕಟವಾಗುತ್ತದೆ. ನೋವು ಸುಳ್ಳಲ್ಲ ಎಂದು ನನಗೂ ಗೊತ್ತು. ಪ್ಯಾರಾಸಿಟಮಾಲ್ ಅನ್ನು ಡಾಕ್ಟರ್ ಹೇಳಿದ ಅಳತೆಯಲ್ಲಿ ತೆಗೆದುಕೊಳ್ಳಿ, ಮೇಲಿಂದ ಹಚ್ಚುವ ಜೆಲ್ ನೋಡಿ, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿಯಿರಿ. ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿದೆಯಾ ಎಂದೂ ಗಮನಿಸಿ. ಹಾಗಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

'ನನಗೆ ಲಕ್ಷಣವೇ ಇಲ್ಲ' ಎಂದಿದ್ದೀರಿ. ಇದನ್ನು ನಾನು ಪೂರ್ತಿ ಒಪ್ಪಿಕೊಳ್ಳುವ ಮೊದಲು ಒಂದಿಷ್ಟು ಕೇಳಬೇಕು. ಕೆಲವು ವರ್ಷದ ಹಿಂದೆ ಘಟ್ಟದ ಮೇಲಿನಿಂದ ಒಬ್ಬ ಅಡಿಕೆ ಬೆಳೆಗಾರರು ಬಂದಿದ್ದರು. ನಿಮ್ಮ ಹಾಗೆಯೇ ರಿಪೋರ್ಟ್ ಹಿಡಿದು 'ನನಗೇನೂ ಇಲ್ಲ' ಎಂದರು. ಜೊತೆಗೆ ಬಂದ ಮಗಳು ಮೆಲ್ಲಗೆ ಹೇಳಿದಳು: ಅಪ್ಪ ಈಗ ತೋಟಕ್ಕೆ ಇಳಿಯುವುದಿಲ್ಲ, ಮೇಲಿಂದಲೇ ಕೆಲಸದವರಿಗೆ ಕೂಗಿ ಹೇಳುತ್ತಾರೆ. ಮಲಗುವಾಗ ಒಂದಿದ್ದ ದಿಂಬು ಎರಡಾಗಿದೆ. ರಾತ್ರಿ ಎದ್ದು ಜಗಲಿಯಲ್ಲಿ ಕೂರುತ್ತಾರೆ. ಅವರಿಗೆ ದಮ್ಮು ಬರುತ್ತಿರಲಿಲ್ಲ, ನಿಜ. ದಮ್ಮು ಬರುವ ಕೆಲಸವನ್ನೇ ಅವರು ಬಿಟ್ಟಿದ್ದರು. ಎಕೋದಲ್ಲಿ ಅವರ ಹೃದಯದ ಪಂಪು ಸಾಕಷ್ಟು ಸೋತಿತ್ತು. ಆದ್ದರಿಂದ ನೀವೂ ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಹೋದ ವರ್ಷ ಎಷ್ಟು ದೂರ ನಡೆಯುತ್ತಿದ್ದಿರೋ ಈ ವರ್ಷವೂ ಅಷ್ಟೇ ನಡೆಯುತ್ತಿದ್ದಿರಾ? ಗೆಳತಿಯರ ಜೊತೆ ಮಾತಾಡುತ್ತ ನಡೆಯಲು ಆಗುತ್ತಿತ್ತಾ? ಸಂಜೆ ಚಪ್ಪಲಿ ಪಟ್ಟಿಯ ಗುರುತು ಕಾಲಿನ ಮೇಲೆ ಉಳಿಯುತ್ತದಾ? ಈ ಪ್ರಶ್ನೆಗಳನ್ನು ಮನೆಯವರಿಗೂ ಕೇಳಿ, ಅವರು ನಿಮಗಿಂತ ಮೊದಲು ಗಮನಿಸಿರುತ್ತಾರೆ. ಮುಕ್ಕಾಲು ತಾಸು ಮರಳಿನ ಮೇಲೆ ಆರಾಮವಾಗಿ ನಡೆಯುತ್ತಿದ್ದಿರಿ ಎಂದರೆ ನನಗೆ ಅರ್ಧ ಸಮಾಧಾನ.

ನಾಡಿಯನ್ನೂ ಹಿಡಿದು ನೋಡಿ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸಿ. ಬಡಿತ ಹೇಗೆಂದರೆ ಹಾಗೆ, ಹದ ತಪ್ಪಿ ಬರುತ್ತಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು. ಅದೊಂದೇ ಸಾಕು ಈ ಅಂಕಿ ಏರಲು. ಎಷ್ಟೋ ಜನರಿಗೆ ಅದು ಗೊತ್ತೇ ಆಗುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಪಾರ್ಶ್ವವಾಯು ಹೊಡೆಯುವ ಅಪಾಯ ಇರುವುದರಿಂದ ಇಸಿಜಿ ತಪ್ಪಿಸಬೇಡಿ.

ಎಕೋ ಎಂದರೆ ಹೃದಯದ ಸ್ಕ್ಯಾನಿಂಗ್. ಚುಚ್ಚುವುದಿಲ್ಲ, ನೋವಿಲ್ಲ, ವಿಕಿರಣವೂ ಇಲ್ಲ. ಸ್ವಲ್ಪ ದೊಡ್ಡದೇನಾದರೂ ಆದರೆ ಗೋವಾ, ಹುಬ್ಬಳ್ಳಿ, ಮಣಿಪಾಲ ಎಂದು ಓಡುವುದು ನಮ್ಮ ಜಿಲ್ಲೆಯವರ ಪಾಡು. ಇದಕ್ಕೆ ಅಷ್ಟು ದೂರ ಹೋಗಬೇಕಿಲ್ಲ, ಜಿಲ್ಲೆಯೊಳಗೇ ಆಗುತ್ತದೆ. ಹೃದಯ ದೂಡುವ ಶಕ್ತಿ ಎಷ್ಟು, ಗೋಡೆ ದಪ್ಪವಾಗಿದೆಯಾ, ಎಡಗಡೆಯ ಮೇಲಿನ ಕೋಣೆ ಹಿಗ್ಗಿದೆಯಾ, ವಾಲ್ವ್ ಹೇಗಿವೆ, ಇದಿಷ್ಟು ಕೇಳಿ ತಿಳಿದುಕೊಳ್ಳಿ. ಸಣ್ಣವರಿದ್ದಾಗ ಗಂಟುಗಂಟು ಊದಿ ಜ್ವರ ಬಂದಿತ್ತಾ ಎಂದು ನೆನಪು ಮಾಡಿಕೊಂಡು ಹೇಳಿ. ರುಮ್ಯಾಟಿಕ್ ಜ್ವರ ವಾಲ್ವ್ ಹಾಳು ಮಾಡಿದ್ದು ಎಷ್ಟೋ ದಶಕದ ಮೇಲೆ ಗೊತ್ತಾಗುವುದುಂಟು. ರಿಪೋರ್ಟಿನಲ್ಲಿ 'ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್' ಎಂದಿದ್ದರೆ ಮತ್ತೆ ಹೆದರಬೇಡಿ. ಅರವತ್ತು ದಾಟಿದವರ ಎಕೋದಲ್ಲಿ ಅದು ತೀರಾ ಸಾಮಾನ್ಯ. ಹೃದಯ ಸಡಿಲಗೊಳ್ಳುವುದು ಸ್ವಲ್ಪ ನಿಧಾನವಾಗಿದೆ ಎಂದಷ್ಟೇ ಅರ್ಥ.

ಎಕೋ ಚೆನ್ನಾಗಿ ಬಂದರೆ ಎಲ್ಲ ಮುಗಿಯಿತೇ? ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಲಕ್ಷಣವಿಲ್ಲದಿದ್ದರೂ ಈ ಅಂಕಿ ಜಾಸ್ತಿ ಇರುವವರಲ್ಲಿ ಮುಂದೆ ಹೃದಯದ ತೊಂದರೆ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಅದಕ್ಕೇ 2021ರಿಂದ ಹೃದ್ರೋಗ ತಜ್ಞರು ಹಾರ್ಟ್ ಫೇಲ್ಯೂರ್‌ಗೂ ಹಿಂದಿನ ಒಂದು ಹಂತವನ್ನು ಗುರುತಿಸಿ ಪ್ರೀ-ಹಾರ್ಟ್ ಫೇಲ್ಯೂರ್ ಎನ್ನುತ್ತಾರೆ. ಬೇರೆ ಕಾರಣದಿಂದ ಏರಿದ್ದಲ್ಲ ಎಂದು ಖಚಿತವಾದ ಮೇಲೆ ಮಾತ್ರ ಆ ಹೆಸರು ಹಚ್ಚಬೇಕು. ಈ ಹಂತದಲ್ಲಿ ಕೈಗೊಂಡ ಕೆಲಸಕ್ಕೆ ಫಲವಿದೆ. 2013ರಲ್ಲಿ ಐರ್ಲೆಂಡಿನ ಸ್ಟಾಪ್-ಎಚ್‌ಎಫ್ ಅಧ್ಯಯನ ಬಂತು. ಬಿಪಿ, ಶುಗರ್‌ನಂಥ ಅಪಾಯ ಇದ್ದ 1374 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಬಿಎನ್‌ಪಿ ನೋಡಿ, 50 ಅಥವಾ ಅದಕ್ಕಿಂತ ಜಾಸ್ತಿ ಬಂದವರಿಗೆ ಎಕೋ ಮಾಡಿ, ಬಿಪಿ ಮುಂತಾದವನ್ನು ಬಿಗಿಯಾಗಿ ಹತೋಟಿಗೆ ತಂದರು. ಆ ಗುಂಪಿನಲ್ಲಿ ಹೃದಯ ದುರ್ಬಲವಾದವರು ಕಡಿಮೆ. ಆ ಅಧ್ಯಯನದ ಬಿಎನ್‌ಪಿ ಅಂಕಿಯನ್ನು ನಿಮ್ಮ ಎನ್‌ಟಿ-ಪ್ರೋಬಿಎನ್‌ಪಿ ಜೊತೆ ಹೋಲಿಸಬೇಡಿ. ಎರಡೂ ಬೇರೆ ಬೇರೆ ಅಳತೆ.

ನಿಮ್ಮ ಮುಂದಿರುವ ದಾರಿಗಳ ಬಗ್ಗೆ. ಏನೂ ಮಾಡದೆ ಇರುವುದು ಒಂದು. ಅದರಲ್ಲಿ ಕಿಡ್ನಿ, ರಕ್ತಹೀನತೆ, ಬಿಪಿ ಮೂರೂ ಒಳಗೊಳಗೇ ಮುಂದುವರಿಯುತ್ತವೆ, ಹಾಗಾಗಿ ಬೇಡ. ಇನ್ನೊಂದು ನಿಮ್ಮ ತಮ್ಮ ಹೇಳಿದ ಆಂಜಿಯೋಗ್ರಾಮ್. ಅವರ ಕಾಳಜಿ ದೊಡ್ಡದು, ಆದರೆ ಆಂಜಿಯೋಗ್ರಾಮ್ ನೋಡುವುದು ರಕ್ತನಾಳದ ಬ್ಲಾಕ್. ಈ ರಕ್ತಪರೀಕ್ಷೆ ಬ್ಲಾಕ್ ಬಗ್ಗೆ ಹೇಳುವುದಿಲ್ಲ. ಎದೆನೋವಿಲ್ಲದೆ, ಎಕೋ ಸಹ ನೋಡದೆ ಅದನ್ನು ಮಾಡಿಸಿದರೆ ರಕ್ತನಾಳಕ್ಕೆ ಗಾಯವಾಗುವ ಸಣ್ಣ ಅಪಾಯ ಒಂದು ಕಡೆ. ಅದರಲ್ಲಿ ಬಳಸುವ ಬಣ್ಣದ ದ್ರವ ಈಗಾಗಲೇ ನಿಧಾನವಾದ ನಿಮ್ಮ ಕಿಡ್ನಿಗೆ ಪೆಟ್ಟು ಕೊಡುವ ಸಾಧ್ಯತೆ ಇನ್ನೊಂದು ಕಡೆ. ಎಕೋದಲ್ಲಿ ಅನುಮಾನ ಬಂದರೆ ಆಗ ಯೋಚಿಸೋಣ.

ಹೊಳೆಮತ್ತಿ ಕಷಾಯದ ಬಗ್ಗೆ ನನಗೆ ಅಸಡ್ಡೆ ಇಲ್ಲ. ನಮ್ಮ ಹಿರಿಯರು ಬಳಸಿದ ಮರ ಅದು. ಆದರೆ ಹಾರ್ಟ್ ಫೇಲ್ಯೂರ್ ತಡೆಯುತ್ತದೆ ಎನ್ನಲು ಗಟ್ಟಿಯಾದ ಪುರಾವೆ ಇಲ್ಲ. ಎಷ್ಟು ಚಕ್ಕೆ, ಎಷ್ಟು ಗಟ್ಟಿ ಕಷಾಯ ಎಂಬ ಅಳತೆಯೂ ಮನೆಯಿಂದ ಮನೆಗೆ ಬೇರೆ. ಕಿಡ್ನಿಯ ಸ್ಥಿತಿ ತಿಳಿಯುವವರೆಗೆ ಬೇಡ. ಅದನ್ನು ನಂಬಿ ಟೆಲ್ಮಿಸಾರ್ಟಾನ್ ಬಿಟ್ಟರಂತೂ ನಷ್ಟ ನಿಮಗೇ.

ನಾನು ಹೇಳುವ ದಾರಿ ಇದು. ನೋವಿನ ಮಾತ್ರೆ ಬಿಟ್ಟು ಎರಡು ವಾರ ಮನೆಯಲ್ಲೇ ಬೆಳಿಗ್ಗೆ, ಸಂಜೆ ಬಿಪಿ ನೋಡಿ ಬರೆದಿಡಿ. ಇನ್ನೂ ಜಾಸ್ತಿ ಇದ್ದರೆ ನಿಮ್ಮ ಡಾಕ್ಟರ್ ಮಾತ್ರೆ ಬದಲಿಸುತ್ತಾರೆ ಅಥವಾ ಇನ್ನೊಂದು ಸೇರಿಸುತ್ತಾರೆ. ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟಿದೆ ಎಂದು ತಿಳಿಸುವುದು), ಬಿ12, ಪೊಟ್ಯಾಸಿಯಂ, ಮೂತ್ರದಲ್ಲಿ ಆಲ್ಬುಮಿನ್, ಇಷ್ಟು ಪರೀಕ್ಷೆ ಮಾಡಿಸಿ. ಕಬ್ಬಿಣ ಕಡಿಮೆ ಇದ್ದರೆ ಹೊಟ್ಟೆ, ಕರುಳಿನ ಪರೀಕ್ಷೆಗೆ ಹಿಂಜರಿಯಬೇಡಿ. ಮೂರು ತಿಂಗಳ ನಂತರ ಕ್ರಿಯಾಟಿನಿನ್ ಮತ್ತು ಎನ್‌ಟಿ-ಪ್ರೋಬಿಎನ್‌ಪಿಯನ್ನು ಅದೇ ಲ್ಯಾಬಿನಲ್ಲಿ ಮತ್ತೆ ನೋಡಿ. 342 ಇದ್ದದ್ದು 300 ಆಯಿತೆಂದು ಹಿಗ್ಗಬೇಡಿ, 380 ಆಯಿತೆಂದು ಕುಗ್ಗಬೇಡಿ. ಒಬ್ಬರಲ್ಲೇ ವಾರದಿಂದ ವಾರಕ್ಕೆ ಅಷ್ಟು ಏರಿಳಿತ ಇದ್ದೇ ಇರುತ್ತದೆ. ಅರ್ಧಕ್ಕೆ ಇಳಿದರೆ ಅಥವಾ ಎರಡು ಪಟ್ಟಾದರೆ ಅದಕ್ಕೆ ಅರ್ಥವಿದೆ.

ಉಪ್ಪನ್ನು ಪೂರ್ತಿ ಬಿಡಬೇಡಿ. ಕರಾವಳಿಯ ಸೆಕೆಯಲ್ಲಿ ಬೆವರು ಹರಿಯುವಾಗ ಸೋಡಿಯಂ ಇಳಿದು ತಲೆ ತಿರುಗಿ ಬಿದ್ದವರನ್ನು ನೋಡಿದ್ದೇನೆ. ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ, ಎಲ್ಲ ಸೇರಿ. ಸಾರಿಗೆ ಹಾಕುವ ಉಪ್ಪಿನ ಜೊತೆಗೆ ಒಣಮೀನು, ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಯಲ್ಲೂ ಬಹಳ ಉಪ್ಪು ಬರುತ್ತದೆ, ಕಡಿಮೆ ಮಾಡುವುದಿದ್ದರೆ ಮೊದಲು ಅಲ್ಲಿ ಮಾಡಿ. ಅಂಗಡಿಯಲ್ಲಿ ಸಿಗುವ 'ಲೋ ಸೋಡಿಯಂ' ಉಪ್ಪು ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ನೀವು ತಿನ್ನುವ ಬಿಪಿ ಮಾತ್ರೆಯೂ ಪೊಟ್ಯಾಸಿಯಂ ಏರಿಸುತ್ತದೆ. ಪೊಟ್ಯಾಸಿಯಂ ಪರೀಕ್ಷೆ ಬರುವವರೆಗೆ ದಿನಾ ಎಳನೀರು ಕುಡಿಯುವ ಅಭ್ಯಾಸ ಇದ್ದರೆ ಅದನ್ನೂ ತಡೆಯಿರಿ.

ಮಲಗಿದರೆ ದಮ್ಮು ಬಂದು ಎದ್ದು ಕೂರುವಂತಾದರೆ, ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ, ಎರಡೂ ಕಾಲು ಊದಿಕೊಂಡರೆ ಮೂರು ತಿಂಗಳು ಕಾಯಬೇಡಿ, ಕೂಡಲೇ ತೋರಿಸಿ. ಎದೆನೋವು ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ 108ಕ್ಕೆ ಫೋನ್ ಮಾಡಿ.

ಜಾತ್ರೆಯ ವಿಷಯ ಉಳಿಯಿತು. ಎಕೋ ಮತ್ತು ಇಸಿಜಿ ಮೊದಲು ಆಗಲಿ. ಅವು ಸರಿಯಿದ್ದರೆ ಶಿರಸಿಗೆ ಧಾರಾಳವಾಗಿ ಹೋಗಿ ಬನ್ನಿ. ಬಿಪಿ ಮಾತ್ರೆ ಚೀಲದಲ್ಲಿಟ್ಟುಕೊಳ್ಳಿ, ದೇವಿಮನೆ ಘಟ್ಟ ಹತ್ತುವ ಮೊದಲು ಹೊಟ್ಟೆಗೆ ಏನಾದರೂ ತಿಂದಿರಿ. ಜನಸಂದಣಿಯಲ್ಲಿ ತಾಸುಗಟ್ಟಲೆ ನಿಲ್ಲುವ ಬದಲು ಬೆಳಗಿನ ಹೊತ್ತಿಗೆ ದರ್ಶನ ಮುಗಿಸಿ. ನಿಂತು ನಿಂತು ಮಂಡಿ ನೋಯತೊಡಗಿದರೆ ಅಣ್ಣನೋ ಅತ್ತಿಗೆಯೋ ಪ್ರೀತಿಯಿಂದ ಒಂದು ನೋವಿನ ಮಾತ್ರೆ ತಂದು ಕೊಡಬಹುದು. ಅದನ್ನು ತೆಗೆದುಕೊಳ್ಳಬೇಡಿ, ಪ್ಯಾರಾಸಿಟಮಾಲ್ ನಿಮ್ಮ ಹತ್ತಿರವೇ ಇರಲಿ. ಎಕೋ ರಿಪೋರ್ಟ್ ಬಂದ ಮೇಲೆ ಅದರ ಜೊತೆ ಬಿಪಿ ಬರೆದ ಚೀಟಿಯನ್ನೂ ನನಗೆ ಕಳಿಸಿ, ನೋಡಿ ಹೇಳುತ್ತೇನೆ.